ಯೂನಿಯನ್ ಬಿಟ್ಟು ಪಾರ್ಟ್‌ಟೈಮ್ ಸೂಪರ್‌ವೈಸರ್ ಆಗಲೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಅಮೆರಿಕದಲ್ಲಿ ಪಾರ್ಸೆಲ್ ವಿಂಗಡಿಸುವ ದೊಡ್ಡ ಗೋದಾಮೊಂದರಲ್ಲಿ ಪಾರ್ಟ್‌ಟೈಮ್ ಕೆಲಸಗಾರ. ರಾತ್ರಿ ಪಾಳಿಯಲ್ಲಿ ಟ್ರೇಲರ್‌ಗಳಿಗೆ ಮಾಲು ತುಂಬುತ್ತೇನೆ, ಹಗಲು ಕಾಲೇಜಿನಲ್ಲಿ ಸಪ್ಲೈ ಚೈನ್ ಓದುತ್ತೇನೆ. ಯೂನಿಯನ್ ಸದಸ್ಯನಾಗಿ ಮೂರು ವರ್ಷ ದಾಟಿದೆ. ಫುಲ್‌ಟೈಮ್ ಡ್ರೈವರ್ ಆಗಲು ಕಾಯುವವರ ಪಟ್ಟಿಯಲ್ಲೂ ಹೆಸರಿದೆ. ಈಗ ಮ್ಯಾನೇಜರ್ ಕರೆದು, ಪಾರ್ಟ್‌ಟೈಮ್ ಸೂಪರ್‌ವೈಸರ್ ಆಗ್ತೀಯಾ ಎಂದು ಕೇಳಿದ್ದಾರೆ. ಗಂಟೆಗೆ ಕೆಲವು ಡಾಲರ್ ಹೆಚ್ಚು ಸಿಗುತ್ತದೆ, ಬೆನ್ನುನೋವೂ ಕಡಿಮೆಯಾದೀತು. ಆದರೆ ಯೂನಿಯನ್ ಬಿಡಬೇಕಂತೆ. ಸುದ್ದಿ ತಿಳಿದ ಮೇಲೆ ನಮ್ಮ ಸ್ಟುವರ್ಡ್ ನನ್ನೊಂದಿಗೆ ಮಾತು ಕಡಿಮೆ ಮಾಡಿದ್ದಾರೆ. ಜೊತೆಯವರು ‘ನೀನೂ ಆ ಕಡೆ ಹೋದೆಯಾ’ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ? ಒಪ್ಪಿದರೆ ಹೇಗೆ ನಡೆದುಕೊಳ್ಳಲಿ?
— ಹೆಸರು ಬೇಡ ಎಂದ ಓದುಗ

ಉತ್ತರ: ಸಂಬಳದ ಮಾತನ್ನು ನೀವು ಮೊದಲು ಬರೆದಿದ್ದೀರಿ, ಯೂನಿಯನ್ನಿನದನ್ನು ಆಮೇಲೆ. ನಾನು ಯೂನಿಯನ್ನಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ನಿರ್ಧಾರ ನಿಂತಿರುವುದು ಅಲ್ಲಿ. ಇಂಥದ್ದೇ ಗೋದಾಮಿನಲ್ಲಿ ನಾನು ಮೊದಲು ಸ್ಟುವರ್ಡ್ ಆಗಿ, ಅಂದರೆ ಕೆಲಸಗಾರರ ಪರವಾಗಿ ಮಾತಾಡುವ ಯೂನಿಯನ್ ಪ್ರತಿನಿಧಿಯಾಗಿ ಇದ್ದೆ. ಆಮೇಲೆ ಸೂಪರ್‌ವೈಸರ್ ಆದೆ. ಎರಡೂ ಕಡೆಯ ಕುರ್ಚಿಯಲ್ಲಿ ಕೂತವಳ ಮಾತು ಇದು ಎಂದು ತಿಳಿಯಿರಿ.

ಯೂನಿಯನ್ ಬಿಡುವುದೆಂದರೆ ತಿಂಗಳ ಚಂದಾ ನಿಲ್ಲುವುದಷ್ಟೇ ಎಂದು ತುಂಬ ಜನ ಅಂದುಕೊಂಡಿರುತ್ತಾರೆ. ನಿಜವಾಗಿ ಆಗುವುದೇನೆಂದರೆ, ಕಾನೂನು ನಿಮ್ಮನ್ನು ‘ಕೆಲಸಗಾರ’ ಎಂದು ಎಣಿಸುವುದನ್ನೇ ನಿಲ್ಲಿಸುತ್ತದೆ. ಇದು ಹಿಂದಿನಿಂದ ಹೀಗಿರಲಿಲ್ಲ. ಯೂನಿಯನ್ ಕಟ್ಟುವ ಹಕ್ಕನ್ನು ಕಾಪಾಡುವ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆಯಲ್ಲಿ ಫೋರ್‌ಮನ್‌ಗಳನ್ನು, ಅಂದರೆ ಕೆಲಸಗಾರರ ಮೇಲ್ವಿಚಾರಕರನ್ನು, ಹೊರಗಿಡುವ ಮಾತಿರಲಿಲ್ಲ. 1941ರಲ್ಲಿ ಫೋರ್ಡ್ ಕಾರ್ಖಾನೆಯ ಫೋರ್‌ಮನ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು, ಅದು ಬೇರೆ ಕಾರ್ಖಾನೆಗಳಿಗೂ ಹಬ್ಬಿತು. ಪ್ಯಾಕರ್ಡ್ ಮೋಟಾರ್ ಕಂಪನಿಯ ಫೋರ್‌ಮನ್‌ಗಳ ಮೊಕದ್ದಮೆಯಲ್ಲಿ, ಅವರಿಗೂ ಈ ಕಾಯ್ದೆಯ ರಕ್ಷಣೆ ಇದೆ ಎಂದು 1947ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೂರೇ ತಿಂಗಳು. ಜೂನ್‌ನಲ್ಲಿ ಟಾಫ್ಟ್-ಹಾರ್ಟ್‌ಲೀ ಕಾಯ್ದೆ ಬಂದು ಆ ತೀರ್ಪನ್ನು ಅಳಿಸಿಹಾಕಿತು. ಅಧ್ಯಕ್ಷ ಟ್ರೂಮನ್ ವೀಟೊ ಹಾಕಿದ್ದರು, ಕಾಂಗ್ರೆಸ್ ಅದನ್ನೂ ಮೀರಿ ಪಾಸು ಮಾಡಿತು. ಅಂದಿನಿಂದ ಸೂಪರ್‌ವೈಸರ್ ಆದವರಿಗೆ ಆ ಕಾನೂನಿನ ಕೊಡೆ ಇಲ್ಲ.

ಸೂಪರ್‌ವೈಸರ್ ಯಾರು ಎಂಬುದಕ್ಕೂ ಕಾಯ್ದೆಯಲ್ಲೇ ಲಕ್ಷಣ ಹೇಳಿದೆ. ಕೆಲಸಕ್ಕೆ ತೆಗೆದುಕೊಳ್ಳುವುದು, ವರ್ಗ ಮಾಡುವುದು, ಅಮಾನತು ಮಾಡುವುದು, ತೆಗೆದುಹಾಕುವುದು, ಬಡ್ತಿ ಕೊಡುವುದು, ಕೆಲಸ ಹಂಚುವುದು, ಶಿಸ್ತಿನ ಕ್ರಮ ಕೈಗೊಳ್ಳುವುದು, ಹೊಣೆ ಹೊತ್ತು ಕೆಲಸ ಮಾಡಿಸುವುದು, ದೂರು ಬಗೆಹರಿಸುವುದು, ಹೀಗೆ ಒಟ್ಟು 12 ಅಧಿಕಾರಗಳ ಪಟ್ಟಿ ಅದು. ಅವುಗಳಲ್ಲಿ ಒಂದೇ ಒಂದು ಇದ್ದರೂ, ಅದನ್ನು ಕಂಪನಿಯ ಪರವಾಗಿ ಸ್ವಂತ ವಿವೇಚನೆಯಿಂದ ಬಳಸುವಂತಿದ್ದರೆ ಸಾಕು, ನೀವು ಸೂಪರ್‌ವೈಸರ್. ‘ಪಾರ್ಟ್‌ಟೈಮ್’ ಎಂಬ ಪದ ಇಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ದಿನಕ್ಕೆ ನಾಲ್ಕು ಗಂಟೆ ಬಂದರೂ ಆ ನಾಲ್ಕು ಗಂಟೆಯೂ ನೀವು ಸೂಪರ್‌ವೈಸರ್ ಆಗಿಯೇ ಇದ್ದರೆ, ಕಾನೂನಿನ ಕಣ್ಣಿಗೆ ನೀವು ಪೂರ್ತಿ ಆ ಕಡೆಯವರೇ. ದುಡಿಮೆ ಅರ್ಧ ದಿನದ್ದು, ಬದಲಾವಣೆ ಪೂರ್ತಿ.

ಕೈಬಿಡುವುದು ಏನೇನು? ಇವತ್ತು ನಿಮ್ಮನ್ನು ಕೆಲಸದಿಂದ ತೆಗೆಯಬೇಕಾದರೆ ಕಂಪನಿ ತಕ್ಕ ಕಾರಣ ತೋರಿಸಬೇಕು. ತೋರಿಸಿದರೂ ಯೂನಿಯನ್ ದೂರು ಹಾಕಬಹುದು, ಅದು ಮಧ್ಯಸ್ಥಗಾರರವರೆಗೆ ಹೋಗಬಹುದು. ಒಪ್ಪಿದ ಮರುದಿನ ಅದಿಲ್ಲ. ಮೊಂಟಾನಾ ಒಂದನ್ನು ಬಿಟ್ಟರೆ ಅಮೆರಿಕದ ರಾಜ್ಯಗಳಲ್ಲಿ ಯೂನಿಯನ್ ಒಪ್ಪಂದ ಇಲ್ಲದವರ ಸಾಮಾನ್ಯ ಸ್ಥಿತಿ ಏನೆಂದರೆ, ಮಾಲೀಕ ಯಾವಾಗ ಬೇಕಾದರೂ ಕಾರಣ ಹೇಳದೆ ಕೆಲಸ ಬಿಡಿಸಬಹುದು. ಜನಾಂಗ, ಧರ್ಮ, ಲಿಂಗ, ಮೂಲದೇಶ ನೋಡಿ ತೆಗೆಯುವಂತಿಲ್ಲ ಎಂಬ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ರಕ್ಷಣೆ ಇದ್ದೇ ಇರುತ್ತದೆ, ಅದು ಬೇರೆ. ಇನ್ನೊಂದು: ಶಿಕ್ಷೆಗೆ ದಾರಿಯಾಗಬಹುದಾದ ವಿಚಾರಣೆಗೆ ಮ್ಯಾನೇಜರ್ ಕರೆದಾಗ ‘ನನ್ನ ಯೂನಿಯನ್ ಪ್ರತಿನಿಧಿ ಬರಲಿ’ ಎಂದು ಕೇಳುವ ಹಕ್ಕು 1975ರ ವೈನ್‌ಗಾರ್ಟನ್ ತೀರ್ಪಿನಿಂದ ನಿಮಗೆ ಇವತ್ತು ಇದೆ. ನಾಳೆ ಆ ಕೋಣೆಗೆ ಒಬ್ಬರೇ ಹೋಗುತ್ತೀರಿ. ಮುಷ್ಕರ ನಡೆದರೆ ನಿಮ್ಮ ಹಳೆಯ ಗೆಳೆಯರು ಗೇಟಿನ ಹೊರಗೆ, ನೀವು ಒಳಗೆ. ಹೊರಗೆ ಹೋಗಿ ಅವರ ಪಕ್ಕ ನಿಂತರೆ ಕಂಪನಿ ನಿಮ್ಮನ್ನು ತೆಗೆಯಬಹುದು, ಕಾರ್ಮಿಕ ಮಂಡಳಿ (ಆ 1935ರ ಕಾಯ್ದೆಯನ್ನು ಜಾರಿ ಮಾಡುವ ಸರ್ಕಾರಿ ಸಂಸ್ಥೆ) ನಿಮ್ಮ ನೆರವಿಗೆ ಬರುವುದಿಲ್ಲ.

ಒಂದು ರಕ್ಷಣೆ ಮಾತ್ರ ಉಳಿಯುತ್ತದೆ. ಹೆಚ್ಚಿನ ಸೂಪರ್‌ವೈಸರ್‌ಗಳಿಗೆ ಇದು ಗೊತ್ತಿರುವುದಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ. ಕಾನೂನುಬಾಹಿರ ಕೆಲಸ ಮಾಡು ಎಂದು ಮೇಲಿನವರು ಹೇಳಿದಾಗ, ಉದಾಹರಣೆಗೆ ‘ಯೂನಿಯನ್ ಪರ ಇರುವ ಆ ಹುಡುಗನನ್ನು ಹೇಗಾದರೂ ಸಿಕ್ಕಿಸು’ ಎಂದಾಗ, ಒಲ್ಲೆ ಎಂದಿದ್ದಕ್ಕೆ ನಿಮ್ಮನ್ನು ತೆಗೆಯುವಂತಿಲ್ಲ. ದೂರಿನ ವಿಚಾರಣೆಯಲ್ಲೋ ಕಾರ್ಮಿಕ ಮಂಡಳಿಯ ಮುಂದೆಯೋ ಕಂಪನಿಗೆ ವಿರುದ್ಧವಾಗುವ ಸತ್ಯ ಹೇಳಿದ್ದಕ್ಕೂ ತೆಗೆಯುವಂತಿಲ್ಲ. 1982ರ ಪಾರ್ಕರ್-ರಾಬ್ ಪ್ರಕರಣದಲ್ಲಿ ಮಂಡಳಿ ಸೂಪರ್‌ವೈಸರ್‌ಗಳ ರಕ್ಷಣೆಯನ್ನು ಬಹಳ ಮೊಟಕು ಮಾಡಿದರೂ ಈ ಬಾಗಿಲುಗಳನ್ನು ತೆರೆದೇ ಇಟ್ಟಿದೆ.

ಈಗ ಹಣ. ‘ಗಂಟೆಗೆ ಕೆಲವು ಡಾಲರ್’ ಎಂದಿರಿ. ಇವತ್ತಿನ ಅಂತರವನ್ನಲ್ಲ, ಮುಂದಿನ ವರ್ಷಗಳ ಅಂತರವನ್ನು ನೋಡಿ. ಯೂನಿಯನ್ ಸದಸ್ಯರ ಏರಿಕೆ ಒಪ್ಪಂದದಲ್ಲೇ ಬರೆದಿರುತ್ತದೆ. 2023ರಲ್ಲಿ ಟೀಮ್‌ಸ್ಟರ್ಸ್ ಯೂನಿಯನ್ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಯೊಂದಿಗೆ ಮಾಡಿಕೊಂಡ ಐದು ವರ್ಷದ ಒಪ್ಪಂದದಲ್ಲಿ ಪಾರ್ಟ್‌ಟೈಮ್ ಕೆಲಸಗಾರರ ಕನಿಷ್ಠ ಕೂಲಿ ಒಮ್ಮೆಲೇ ಗಂಟೆಗೆ 21 ಡಾಲರ್ ಆಯಿತು, ಮುಂದಿನ ವರ್ಷಗಳ ಏರಿಕೆಯೂ ಅಲ್ಲೇ ಸೇರಿತು. ಸೂಪರ್‌ವೈಸರ್‌ಗೆ ಅಂಥ ಕಾಗದ ಇಲ್ಲ, ಏರಿಸುವುದೂ ಬಿಡುವುದೂ ಕಂಪನಿಯ ಇಷ್ಟ. ಹಾಗಾಗಿ ನಿಮ್ಮ ಒಪ್ಪಂದದ ಕೊನೆಯ ವರ್ಷದ ದರ ತೆಗೆದು, ಈಗ ಕೊಡುತ್ತೇವೆ ಎಂದಿರುವ ಸಂಬಳದ ಪಕ್ಕ ಇಟ್ಟು ನೋಡಿ. ಎಷ್ಟೋ ಕಡೆ ಆ ಹೆಚ್ಚುವರಿ ಒಂದೆರಡು ವರ್ಷಕ್ಕೇ ಕರಗಿಹೋಗುತ್ತದೆ. ಆರೋಗ್ಯ ವಿಮೆಯ ಕಂತು ಯಾರು ಕಟ್ಟುತ್ತಾರೆ ಎಂದೂ ಕೇಳಿ, ಏರಿದ ಸಂಬಳವನ್ನು ಅದೇ ನುಂಗಿಬಿಡಬಹುದು. ಪಿಂಚಣಿಯೂ ಹಾಗೆಯೇ. ಯೂನಿಯನ್ ಪಿಂಚಣಿ ನಿಧಿಗಳಲ್ಲಿ ಹಕ್ಕು ಗಟ್ಟಿಯಾಗಲು ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು, ನಿಮಗೆ ಮೂರು ಚಿಲ್ಲರೆ ಆಗಿದೆ. ಈಗ ಹೊರಟರೆ ಆ ವರ್ಷಗಳ ಗತಿ ಏನು ಎಂದು ನಿಧಿಯ ಕಚೇರಿಗೆ ನೀವೇ ಫೋನ್ ಮಾಡಿ ಕೇಳಿ. ಮ್ಯಾನೇಜರ್ ಬಾಯಿಂದ ಬಂದ ಉತ್ತರ ಸಾಲದು.

ಓವರ್‌ಟೈಮ್ ಬಗ್ಗೆ ಎರಡು ಮಾತು. ‘ನೀನೀಗ ಮ್ಯಾನೇಜ್‌ಮೆಂಟ್, ನಿನಗೆ ಓವರ್‌ಟೈಮ್ ಇಲ್ಲ’ ಎಂದರೆ ಒಪ್ಪಬೇಡಿ. ಓವರ್‌ಟೈಮ್‌ನಿಂದ ಹೊರಗಿಡಬೇಕಾದರೆ ವಾರಕ್ಕೆ ಕನಿಷ್ಠ 684 ಡಾಲರ್ ನಿಗದಿ ಸಂಬಳ ಕೊಡಬೇಕು ಎಂಬುದು ಕೇಂದ್ರ ಸರ್ಕಾರದ ನಿಯಮ. ಪಾರ್ಟ್‌ಟೈಮ್ ಎಂದು ಆ ಮೊತ್ತವನ್ನು ಅರ್ಧ ಮಾಡುವಂತಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ವಾರದ 40 ಗಂಟೆ ಮೀರಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ನಿಮಗೆ ಬರಬೇಕು. ಪಾಳಿಗೆ ಮುಂಚೆ ಬಂದು ಹಾಜರಿ ಪಟ್ಟಿ ಸಿದ್ಧ ಮಾಡುವ ಹೊತ್ತು, ಪಾಳಿ ಮುಗಿದ ಮೇಲೆ ವರದಿ ಬರೆಯುವ ಹೊತ್ತು, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಅದನ್ನು ಮೊದಲ ವಾರದಿಂದಲೇ ಬರೆದಿಡಿ.

ಒಪ್ಪಿದರೆ ಹೇಗೆ ನಡೆದುಕೊಳ್ಳಲಿ ಎಂದು ಕೇಳಿದಿರಲ್ಲ, ನನ್ನ ಉತ್ತರ ಚಿಕ್ಕದು: ಪಾರ್ಸೆಲ್ ಮುಟ್ಟಬೇಡಿ.

ಹೇಳುವುದು ಸುಲಭ, ಮಾಡುವುದು ಬಲು ಕಷ್ಟ. ರಾತ್ರಿ ಎರಡು ಗಂಟೆ, ಬೆಲ್ಟ್ ತುಂಬಿ ಬರುತ್ತಿದೆ, ಒಬ್ಬ ರಜೆ ಹಾಕಿದ್ದಾನೆ. ಟ್ರೇಲರ್ ಬಾಯಲ್ಲಿ ಪೆಟ್ಟಿಗೆಗಳು ಎದೆಮಟ್ಟ ಏರಿವೆ, ಒಳಗಿರುವ ಹೊಸ ಹುಡುಗಿ ಬೆವರಿ ಹೋಗಿದ್ದಾಳೆ. ಮ್ಯಾನೇಜರ್ ವಾಕಿ-ಟಾಕಿಯಲ್ಲಿ ‘ಯಾಕೆ ನಿಂತಿತು’ ಎಂದು ಕೂಗುತ್ತಿದ್ದಾರೆ. ವರ್ಷಗಟ್ಟಲೆ ಎತ್ತಿದ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಸಹಾಯ ಮಾಡುತ್ತಿದ್ದೇನೆ ಎಂದೇ ನಿಮಗೆ ಅನ್ನಿಸುತ್ತದೆ. ಆದರೆ ಹೆಚ್ಚಿನ ಯೂನಿಯನ್ ಒಪ್ಪಂದಗಳಲ್ಲಿ, ಕೆಲಸ ಕಲಿಸುವುದು, ನಿಜವಾದ ತುರ್ತು ಪರಿಸ್ಥಿತಿ ಇಂಥವನ್ನು ಬಿಟ್ಟು ಸೂಪರ್‌ವೈಸರ್ ಯೂನಿಯನ್ ಕೆಲಸ ಮಾಡುವಂತಿಲ್ಲ. ಮಾಡಿದರೆ ದೂರು ಬೀಳುತ್ತದೆ. ಕೆಲವು ಒಪ್ಪಂದಗಳ ಪ್ರಕಾರ, ನೀವು ದುಡಿದ ಹೊತ್ತಿಗೆ ಒಬ್ಬ ಕೆಲಸಗಾರನಿಗೆ ಕಂಪನಿ ಎರಡು ಪಟ್ಟು ಕೂಲಿ ಕಟ್ಟಿಕೊಡಬೇಕು.

ಈ ನಿಯಮವನ್ನು ಕಿರಿಕಿರಿ ಎಂದು ನೋಡುವ ಸೂಪರ್‌ವೈಸರ್‌ಗಳೇ ಹೆಚ್ಚು. ನನಗೆ ಹಾಗೆ ಎಂದೂ ಅನ್ನಿಸಿಲ್ಲ. ನೀವು ಎತ್ತಿದ ಪ್ರತಿ ಪೆಟ್ಟಿಗೆ ಇನ್ನೊಬ್ಬರ ದುಡಿಮೆಯ ಹೊತ್ತು. ಪಾರ್ಟ್‌ಟೈಮ್ ಜನರಿಗೆ ಆ ಅರ್ಧ ಗಂಟೆ, ಮುಕ್ಕಾಲು ಗಂಟೆಯೇ ಬಾಡಿಗೆಯ ಹಣ. 1997ರ ಆಗಸ್ಟ್‌ನಲ್ಲಿ ಯುಪಿಎಸ್‌ನ ಸುಮಾರು 1,85,000 ಜನ 15 ದಿನ ಮುಷ್ಕರ ಹೂಡಿದ್ದು ಮುಖ್ಯವಾಗಿ ಈ ಅರೆಹೊತ್ತಿನ ದುಡಿಮೆಯ ವಿರುದ್ಧವೇ. ಪಾರ್ಟ್‌ಟೈಮ್ ಕೆಲಸಗಳನ್ನು ಸೇರಿಸಿ 10,000 ಫುಲ್‌ಟೈಮ್ ಹುದ್ದೆ ಮಾಡುತ್ತೇವೆ ಎಂಬ ಮಾತು ಪಡೆದೇ ಅವರು ಒಳಗೆ ಹೋದರು. ಆ ಇತಿಹಾಸ ಗೊತ್ತಿದ್ದವರಿಗೆ ಸೂಪರ್‌ವೈಸರ್ ಪೆಟ್ಟಿಗೆ ಎತ್ತುವುದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಹಾಗಾದರೆ ಆ ಹುಡುಗಿಗೆ ಏನು ಮಾಡಬೇಕು? ಬೆಲ್ಟ್ ನಿಲ್ಲಿಸಿ. ಪಕ್ಕದ ಬಾಗಿಲಿನಿಂದ ಒಬ್ಬರನ್ನು ಕರೆಸಿ. ಬೇಗ ಮನೆಗೆ ಹೊರಟವರನ್ನು ಸೀನಿಯಾರಿಟಿ ಪ್ರಕಾರ ಕೇಳಿ, ಉಳಿಯಲು ಇಷ್ಟವಿದ್ದವರಿಗೆ ಹೊತ್ತು ಕೊಡಿ. ಬೆಲ್ಟ್ ಯಾಕೆ ನಿಂತಿತು ಎಂಬುದಕ್ಕೆ ಮ್ಯಾನೇಜರ್‌ಗೆ ನೇರವಾಗಿ ‘ಜನ ಕಡಿಮೆ’ ಎಂದು ಹೇಳಿ, ಅದನ್ನೇ ವರದಿಯಲ್ಲೂ ಬರೆಯಿರಿ. ಸ್ಟುವರ್ಡ್ ಆಗಿದ್ದಾಗ ನಾನು ಇಂಥ ದೂರುಗಳನ್ನು ಯಾವ ಬಾಗಿಲು, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಯಾರು ನೋಡಿದರು ಎಂದು ಕರಾರುವಾಕ್ಕಾಗಿ ಬರೆಯುತ್ತಿದ್ದೆ. ಸೂಪರ್‌ವೈಸರ್ ಆದ ಮೇಲೆ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅಂಥವೇ ಹಳೆಯ ದೂರುಗಳ ಕಟ್ಟು. ಯಾವ ದಿನ, ಯಾವ ಬಾಗಿಲಿನಲ್ಲಿ ಜನ ಸಾಲುತ್ತಿಲ್ಲ ಎಂಬುದು ಅದರಲ್ಲಿ ಎದ್ದು ಕಾಣುತ್ತಿತ್ತು. ಅದನ್ನು ಮ್ಯಾನೇಜರ್ ಮುಂದೆ ಹರಡಿ, ಇಷ್ಟು ದಂಡ ಕಟ್ಟುವ ಬದಲು ಇನ್ನೊಬ್ಬರನ್ನು ಕೊಡಿ ಎಂದು ಕೇಳಿದೆ. ಕೊಟ್ಟರು. ಆದ್ದರಿಂದ ನಿಮ್ಮ ಮೇಲೆ ದೂರು ಬರೆದವರನ್ನು ಶತ್ರು ಎಂದು ನೋಡಬೇಡಿ. ಬರೆದವರಿಗೆ ಕಷ್ಟದ ಟ್ರೇಲರ್ ಕೊಟ್ಟು ಸೇಡು ತೀರಿಸಿಕೊಳ್ಳುವುದಂತೂ ಕೂಡದು. ಅದು ಕಾನೂನುಬಾಹಿರವೂ ಹೌದು, ನೀಚತನವೂ ಹೌದು.

ನಾಲಿಗೆಯ ಮೇಲೂ ಹಿಡಿತ ಬೇಕು. ಸೂಪರ್‌ವೈಸರ್ ಆಡಿದ ಮಾತು ಕಂಪನಿಯ ಮಾತು. ಯೂನಿಯನ್ ವಿಷಯದಲ್ಲಿ ಬೆದರಿಸುವುದು, ‘ನೀನು ಯಾರ ಪರ’ ಎಂದು ಕೆದಕುವುದು, ಯೂನಿಯನ್ನಿನಿಂದ ದೂರ ಇದ್ದರೆ ಅದು ಕೊಡಿಸುತ್ತೇನೆ ಇದು ಕೊಡಿಸುತ್ತೇನೆ ಎನ್ನುವುದು, ಕದ್ದು ನೋಡುವುದು, ಈ ನಾಲ್ಕೂ ನಿಷಿದ್ಧ. ಕದ್ದು ನೋಡುವುದು ಎಂದೊಡನೆ ನೆನಪಾಯಿತು: ಜೊತೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀವಿದ್ದರೆ, ಒಪ್ಪಿಕೊಂಡ ದಿನವೇ ‘ನಾನಿನ್ನು ಇಲ್ಲಿರುವುದು ಸರಿಯಲ್ಲ’ ಎಂದು ಹೇಳಿ ಹೊರಗೆ ಬನ್ನಿ. ಸ್ನೇಹ ಕಡಿದುಕೊಳ್ಳಬೇಕಿಲ್ಲ, ಕಾಫಿ ಕುಡಿಯಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆದರೆ ಅವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಜಾಗ ಅವರದು.

ಸ್ಟುವರ್ಡ್ ಮಾತು ಕಡಿಮೆ ಮಾಡಿದ್ದಾರೆ ಎಂದು ನೊಂದುಕೊಂಡಿದ್ದೀರಿ. ಅವರ ಬಳಿ ನೀವೇ ಹೋಗಿ. ಮೂರು ಸಂಗತಿ ಅವರಿಂದಲೇ ತಿಳಿಯಬೇಕಾಗಿದೆ: ಸೂಪರ್‌ವೈಸರ್ ಆದವರು ವಾಪಸು ಬಂದರೆ ಹಳೆಯ ಸೀನಿಯಾರಿಟಿ ಸಿಗುತ್ತದೆಯೇ, ಸಿಗುವುದಾದರೆ ಎಷ್ಟು ದಿನದೊಳಗೆ ಬರಬೇಕು, ಡ್ರೈವರ್ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಇನ್ನೆಷ್ಟು ಜನ. ಇದು ಒಂದೊಂದು ಒಪ್ಪಂದದಲ್ಲಿ ಒಂದೊಂದು ರೀತಿ. ಕೆಲವು ಕಡೆ ಬಾಗಿಲು ದಾಟಿದ ಕೂಡಲೇ ಸೀನಿಯಾರಿಟಿ ಸೊನ್ನೆ. ಹೊರಡುವುದೇ ಆದರೆ ಯೂನಿಯನ್ ಕಚೇರಿಯಿಂದ ವಿತ್‌ಡ್ರಾವಲ್ ಕಾರ್ಡ್, ಅಂದರೆ ಕ್ರಮವಾಗಿ ಹೊರಟಿದ್ದೀರಿ ಎಂಬ ಕಾಗದ, ಕೇಳಿ ಪಡೆಯಿರಿ. ಟೀಮ್‌ಸ್ಟರ್ಸ್‌ನಂಥ ಯೂನಿಯನ್‌ಗಳಲ್ಲಿ ಈ ಪದ್ಧತಿ ಇದೆ. ಹೇಳದೆ ಕೇಳದೆ ಚಂದಾ ನಿಲ್ಲಿಸಿದವರಂತೆ ಹೋಗಬೇಡಿ.

ನನ್ನ ಅಭಿಪ್ರಾಯ ಹೇಳಲೇಬೇಕಾದರೆ, ಡ್ರೈವರ್ ಸರದಿ ಒಂದೆರಡು ವರ್ಷದಲ್ಲಿ ಬರುವಂತಿದ್ದರೆ ಒಪ್ಪಬೇಡಿ, ಕಾಯಿರಿ. ಫುಲ್‌ಟೈಮ್ ಡ್ರೈವರ್‌ನ ಕೂಲಿ, ಪಿಂಚಣಿ, ಭದ್ರತೆ ಇವುಗಳ ಮುಂದೆ ಪಾರ್ಟ್‌ಟೈಮ್ ಸೂಪರ್‌ವೈಸರ್ ಹುದ್ದೆ ನಿಲ್ಲುವುದಿಲ್ಲ. ಸರದಿ ದೂರವಿದ್ದು, ಓದಿದ ಸಪ್ಲೈ ಚೈನ್ ವಿದ್ಯೆಯಲ್ಲೇ ಮುಂದೆ ಬದುಕು ಎಂದು ನಿಮಗೆ ಖಚಿತವಿದ್ದರೆ ಒಪ್ಪಿಕೊಳ್ಳಿ. ಪಾಳಿ ನಡೆಸುವುದು, ಜನರ ಜೊತೆ ನ್ಯಾಯವಾಗಿ ವ್ಯವಹರಿಸುವುದು, ಟ್ರೇಲರ್ ಹೊತ್ತಿಗೆ ಹೊರಡಿಸುವುದು, ಇವನ್ನು ಯಾವ ತರಗತಿಯೂ ಕಲಿಸುವುದಿಲ್ಲ. ಬೆನ್ನುನೋವಿನ ಕಾರಣಕ್ಕೆ ಮಾತ್ರ ಒಪ್ಪಬೇಡಿ. ನೋವು ಕೆಲಸದಿಂದ ಬಂದದ್ದಾದರೆ ಇವತ್ತೇ ವರದಿ ಮಾಡಿ, ಸದಸ್ಯರಾಗಿರುವಾಗಲೇ ಅದರ ಪರಿಹಾರ ಕೇಳಿ.

ಪ್ರಶ್ನೆ: ನಾನು ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಯಾರು ಇರುತ್ತಾರೋ ಅವರು ಆಗಾಗ ಚಾರ್ಜ್ ನರ್ಸ್, ಅಂದರೆ ಆ ಪಾಳಿಯ ಉಸ್ತುವಾರಿ ನೋಡುವ ನರ್ಸ್, ಆಗುತ್ತೇವೆ. ಯೂನಿಯನ್ ಬೇಕೇ ಬೇಡವೇ ಎಂಬ ಮತದಾನ ಹತ್ತಿರ ಬಂದಿದೆ. ‘ನೀನೂ ಸೂಪರ್‌ವೈಸರ್, ಮತ ಹಾಕುವಂತಿಲ್ಲ’ ಎಂದು ಆಸ್ಪತ್ರೆಯ ಆಡಳಿತದವರು ಹೇಳುತ್ತಿದ್ದಾರೆ. ನಿಜವೇ?
— ಒಬ್ಬ ಓದುಗಿ

ಉತ್ತರ: ನೀವು ಬರೆದಷ್ಟನ್ನು ನೋಡಿದರೆ, ಹಾಗೆ ಹೇಳುವುದಕ್ಕೆ ಆಧಾರ ಕಾಣುವುದಿಲ್ಲ. 2006ರ ಓಕ್‌ವುಡ್ ಹೆಲ್ತ್‌ಕೇರ್ ಪ್ರಕರಣ ಮಿಚಿಗನ್‌ನ ಆಸ್ಪತ್ರೆಯೊಂದರ ಚಾರ್ಜ್ ನರ್ಸ್‌ಗಳದ್ದೇ. ಸ್ವಲ್ಪ ಹೊತ್ತು ಮಾತ್ರ ಉಸ್ತುವಾರಿ ನೋಡುವವರು ಸೂಪರ್‌ವೈಸರ್ ಎನ್ನಿಸಿಕೊಳ್ಳಬೇಕಾದರೆ ಆ ಉಸ್ತುವಾರಿ ಒಂದು ಕ್ರಮದಲ್ಲಿ, ವೇಳಾಪಟ್ಟಿಯಂತೆ ಬರುತ್ತಿರಬೇಕು, ಜೊತೆಗೆ ಅವರ ಒಟ್ಟು ಕೆಲಸದ ಹೊತ್ತಿನಲ್ಲಿ ಗಣನೀಯ ಪಾಲಾಗಿರಬೇಕು ಎಂದು ಕಾರ್ಮಿಕ ಮಂಡಳಿ ಹೇಳಿತು. ಹಿಂದಿನ ಪ್ರಕರಣಗಳಲ್ಲಿ ಶೇ. 10ರಿಂದ 15ರಷ್ಟು ಹೊತ್ತನ್ನು ಗಣನೀಯ ಎಂದು ಪರಿಗಣಿಸಿದ್ದನ್ನೂ ನೆನಪಿಸಿತು. ಅಲ್ಲಿ ಕಾಯಂ ಚಾರ್ಜ್ ನರ್ಸ್‌ಗಳಲ್ಲಿ ಕೆಲವರು ಸೂಪರ್‌ವೈಸರ್ ಎಂದಾಯಿತು. ನಿಮ್ಮಂತೆ ಯಾವ ಕ್ರಮವೂ ಇಲ್ಲದೆ ಸರದಿಯಲ್ಲಿ ಬರುತ್ತಿದ್ದವರು ಆಗಲಿಲ್ಲ.

ಸೂಪರ್‌ವೈಸರ್ ಎಂದು ಸಾಬೀತು ಮಾಡುವ ಹೊಣೆ ಹಾಗೆಂದು ವಾದಿಸುವವರದೇ. 2001ರ ಕೆಂಟಕಿ ರಿವರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ನೀವು ಚಾರ್ಜ್ ಆಗಿದ್ದ ಪಾಳಿಗಳನ್ನು ತಾರೀಖು ಹಾಕಿ ಬರೆದಿಡಿ. ರೋಗಿಗಳನ್ನು ಹಂಚುವಾಗ ನಿಮ್ಮದೇ ವಿವೇಚನೆ ಎಷ್ಟು, ಮೊದಲೇ ಸಿದ್ಧವಾಗಿದ್ದ ಪಟ್ಟಿ ಎಷ್ಟು ಎಂಬುದನ್ನೂ ಬರೆಯಿರಿ. ಮತದಾನದ ದಿನ ತಪ್ಪದೆ ಹೋಗಿ. ಆಕ್ಷೇಪ ಬಂದರೆ ನಿಮ್ಮ ಮತವನ್ನು ಲಕೋಟೆಯಲ್ಲಿ ಹಾಕಿ ಬೇರೆ ಇಡುತ್ತಾರೆ. ಫಲಿತಾಂಶಕ್ಕೆ ಅದು ಬೇಕಾದರೆ ಮಂಡಳಿ ಆಮೇಲೆ ನಿರ್ಧರಿಸುತ್ತದೆ. ಮನೆಯಲ್ಲೇ ಉಳಿದರೆ ನಿರ್ಧರಿಸಲು ಅವರ ಬಳಿ ಲಕೋಟೆಯೇ ಇರುವುದಿಲ್ಲ.

ಪ್ರಶ್ನೆ: ಭಾರತದಲ್ಲೂ ಸೂಪರ್‌ವೈಸರ್ ಆದರೆ ಕಾರ್ಮಿಕನ ಹಕ್ಕು ಹೋಗುತ್ತದೆಯೇ?
— ಕಾರ್ಖಾನೆ ನೌಕರ

ಉತ್ತರ: ಸಂಬಳ ಮತ್ತು ನಿಜವಾದ ಕೆಲಸ, ಎರಡನ್ನೂ ನೋಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಉಸ್ತುವಾರಿ ಕೆಲಸದವರ ಸಂಬಳ ತಿಂಗಳಿಗೆ 10,000 ರೂಪಾಯಿ ಮೀರಿದರೆ ಅವರು ‘ಕಾರ್ಮಿಕ’ರಲ್ಲ ಎಂದಿತ್ತು. 2010ಕ್ಕೆ ಮುಂಚೆ ಆ ಮಿತಿ ಬರೀ 1,600. ಅದರ ಜಾಗಕ್ಕೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮಿತಿ 18,000. ಆದರೆ ನೇಮಕಪತ್ರದಲ್ಲಿ ‘ಸೂಪರ್‌ವೈಸರ್’ ಎಂದು ಬರೆದ ಮಾತ್ರಕ್ಕೆ ಯಾರೂ ಸೂಪರ್‌ವೈಸರ್ ಆಗುವುದಿಲ್ಲ. ದಿನದ ಹೆಚ್ಚು ಹೊತ್ತು ನೀವೇ ಯಂತ್ರದ ಮುಂದೆ ನಿಂತು ದುಡಿಯುತ್ತಿದ್ದರೆ, ನ್ಯಾಯಾಲಯ ನೋಡುವುದು ಆ ದುಡಿಮೆಯನ್ನೇ, ಹುದ್ದೆಯ ಹೆಸರನ್ನಲ್ಲ. ಬಡ್ತಿಪತ್ರಕ್ಕೆ ಸಹಿ ಹಾಕುವ ಮೊದಲು, ನೀವು ಯಾರ ರಜೆ ಮಂಜೂರು ಮಾಡಬಹುದು, ಯಾರಿಗೆ ಕೆಲಸ ಹಂಚಬಹುದು ಎಂಬುದನ್ನು ಅದರಲ್ಲಿ ಬರೆಸಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.